ಚಿತ್ರವಿಲ್ಲದ ಖಗೋಳವಿಜ್ಞಾನದ ಪರವಾಗಿ

ಖಗೋಳವಿಜ್ಞಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಿತ್ರಗಳು. ಹಬಲ್ ತೆಗೆದ ನೀಹಾರಿಕೆಗಳು, ಜೇಮ್ಸ್ ವೆಬ್ ತೋರಿಸಿದ ಅತಿದೂರದ ಗೆಲಾಕ್ಸಿಗಳು, 2019ರಲ್ಲಿ ಜಗತ್ತೆಲ್ಲ ನೋಡಿದ ಕಪ್ಪುರಂಧ್ರದ ಕಿತ್ತಳೆ ಬಳೆ. ಇವುಗಳ ಬೆಲೆಯನ್ನು ನಾನು ಕೀಳುಗಳೆಯುತ್ತಿಲ್ಲ. ಮಕ್ಕಳ ಮುಖವನ್ನು ಆಕಾಶದತ್ತ ತಿರುಗಿಸುವ ಶಕ್ತಿ ಅವಕ್ಕಿದೆ. ಆದರೆ ದ್ರವ್ಯದ ಬಗ್ಗೆ, ಗುರುತ್ವದ ಬಗ್ಗೆ, ಸತ್ತ ನಕ್ಷತ್ರಗಳ ಮರುಜೀವನದ ಬಗ್ಗೆ ಕಳೆದ ಅರವತ್ತು ವರ್ಷಗಳಲ್ಲಿ ಮನುಷ್ಯ ಕಲಿತ ಗಟ್ಟಿ ಪಾಠಗಳಲ್ಲಿ ಹಲವು, ಚಿತ್ರವೇ ಇಲ್ಲದ ಒಂದು ಕ್ಷೇತ್ರದಿಂದ ಬಂದಿವೆ. ಜೋಡಿ ನಕ್ಷತ್ರಗಳಲ್ಲಿರುವ ನ್ಯೂಟ್ರಾನ್ ನಕ್ಷತ್ರಗಳು ಹೊರಸೂಸುವ ಕ್ಷ-ಕಿರಣಗಳ ಅಧ್ಯಯನವೇ ಆ ಕ್ಷೇತ್ರ. ಭಾರತಕ್ಕೆ, ಅದರಲ್ಲೂ ಬೆಂಗಳೂರಿಗೆ, ಇದರಲ್ಲಿ ತನ್ನದೇ ಆದ ಗಟ್ಟಿ ನೆಲೆಯಿದೆ. ಆ ನೆಲೆ ಕೈತಪ್ಪದಂತೆ ನೋಡಿಕೊಳ್ಳುವ ತೀರ್ಮಾನವನ್ನು ಈಗಲೇ ಮಾಡಬೇಕು ಎಂಬುದು ಈ ಲೇಖನದ ವಾದ.

ಇಲ್ಲಿ ಚಿತ್ರ ಏಕಿಲ್ಲ? ಭಾರೀ ನಕ್ಷತ್ರವೊಂದು ಸ್ಫೋಟಿಸಿ ಸತ್ತಾಗ ಅದರ ತಿರುಳು ಕುಸಿದು ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯುತ್ತದೆ. ಸೂರ್ಯನ ಒಂದೂವರೆ ಪಟ್ಟಿನಷ್ಟು ದ್ರವ್ಯ ಸುಮಾರು 24 ಕಿ.ಮೀ. ವ್ಯಾಸದ ಗೋಳದಲ್ಲಿ ಅಡಗಿ ಕೂತಿರುತ್ತದೆ. ಸಾವಿರಾರು ಜ್ಯೋತಿರ್ವರ್ಷ ಆಚೆಗಿರುವ ಅಷ್ಟು ಪುಟ್ಟ ಗೋಳದ ಆಕಾರ ಕಾಣಬೇಕಾದರೆ, ಕಪ್ಪುರಂಧ್ರವನ್ನು ಸೆರೆಹಿಡಿದ ಭೂಮಿಯಗಲದ ದೂರದರ್ಶಕ ಜಾಲಕ್ಕಿಂತ ಲಕ್ಷ ಪಟ್ಟಿಗೂ ಮಿಗಿಲಾದ ಸೂಕ್ಷ್ಮದೃಷ್ಟಿ ಬೇಕು. ಸದ್ಯಕ್ಕೆ ಅದು ಆಗುವ ಮಾತಲ್ಲ. ಹೀಗಾಗಿ ಉಪಗ್ರಹದ ಶೋಧಕದಲ್ಲಿ ದಾಖಲಾಗುವುದು ಒಂದು ಪಟ್ಟಿ ಮಾತ್ರ: ಇಂಥ ಕ್ಷಣದಲ್ಲಿ ಒಂದು ಫೋಟಾನ್ ಬಂತು, ಅದರ ಶಕ್ತಿ ಇಷ್ಟು. ಲಕ್ಷಾಂತರ ಸಾಲುಗಳ ಆ ಪಟ್ಟಿಯಿಂದಲೇ ನಕ್ಷತ್ರದ ತೂಕ, ತಿರುಗುವ ವೇಗ, ಕಾಂತಕ್ಷೇತ್ರ, ಸಂಗಾತಿಯ ಸ್ವಭಾವ ಎಲ್ಲವನ್ನೂ ಹೊರತೆಗೆಯಬೇಕು.

ಒಂಟಿ ನ್ಯೂಟ್ರಾನ್ ನಕ್ಷತ್ರ ಕಾಲ ಕಳೆದಂತೆ ತಣ್ಣಗಾಗಿ ಮಂಕಾಗುತ್ತದೆ. ಜೊತೆಗೊಂದು ಸಾಮಾನ್ಯ ನಕ್ಷತ್ರ ಹತ್ತಿರದಲ್ಲೇ ಸುತ್ತುತ್ತಿದ್ದರೆ ಅದರ ಹೊರಪದರದ ಅನಿಲ ಇತ್ತ ಹರಿದು ಬರುತ್ತದೆ. ಹಾಗೆ ಬಂದ ಅನಿಲ ಹಲವು ಜೋಡಿಗಳಲ್ಲಿ ತಟ್ಟೆಯಾಕಾರದಲ್ಲಿ ಹರಡಿ, ಸುತ್ತುತ್ತ ಒಳಸರಿದು, ಕೊನೆಗೆ ಬೆಳಕಿನ ವೇಗದ ಅರ್ಧದಷ್ಟು ರಭಸದಲ್ಲಿ ನ್ಯೂಟ್ರಾನ್ ನಕ್ಷತ್ರದ ಮೇಲೆ ಬೀಳುತ್ತದೆ. ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ದ್ರವ್ಯದ ಶೇ 0.7ರಷ್ಟು ಭಾಗ ಶಕ್ತಿಯಾಗುತ್ತದೆ. ಇಲ್ಲಿ ಬೀಳುವಿಕೆಯೊಂದರಿಂದಲೇ ಶೇ 10ಕ್ಕೂ ಹೆಚ್ಚು. ಸೆಕೆಂಡಿಗೆ ಹತ್ತು ಸಾವಿರ ಕೋಟಿ ಟನ್ ಅನಿಲ ಬಿದ್ದರೆ ಆ ಪುಟ್ಟ ಗೋಳ ಸೂರ್ಯನ ಸಾವಿರಾರು ಪಟ್ಟು ಶಕ್ತಿಯನ್ನು ಚೆಲ್ಲುತ್ತದೆ. ತಾಪ ಕೋಟಿ ಡಿಗ್ರಿಯ ಆಸುಪಾಸು. ಅಷ್ಟು ಬಿಸಿಯಾದ ವಸ್ತುವಿನ ಬೆಳಕು ಬಹುಪಾಲು ಕ್ಷ-ಕಿರಣವಾಗಿಯೇ ಹೊರಡುತ್ತದೆ. ನಮ್ಮ ವಾಯುಮಂಡಲ ಅದನ್ನು ನೆಲಕ್ಕೆ ಬಿಡುವುದಿಲ್ಲ. ರಾಕೆಟ್ ಯುಗ ಬರುವ ತನಕ ಈ ಲೋಕ ನಮಗೆ ಗೊತ್ತಾಗದೇ ಇದ್ದದ್ದು ಅದಕ್ಕೇ.

1962ರ ಜೂನ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಿಂದ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಹಾರಿಸಿದ ರಾಕೆಟ್ ವಾಯುಮಂಡಲದಾಚೆ ಇದ್ದದ್ದು ಐದಾರು ನಿಮಿಷ. ಚಂದ್ರನಿಂದ ಕ್ಷ-ಕಿರಣ ಬರುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಅದರ ಬದಲು ವೃಶ್ಚಿಕ ರಾಶಿಯ ದಿಕ್ಕಿನಿಂದ, ಯಾರೂ ಊಹಿಸದಷ್ಟು ಪ್ರಖರವಾದ ಕ್ಷ-ಕಿರಣ ಸಿಕ್ಕಿತು. ಆ ಆಕರವನ್ನು ಇಂದು ಸ್ಕೋ ಎಕ್ಸ್-1 ಎನ್ನುತ್ತಾರೆ. ಅದು ಅನಿಲ ಸೆಳೆಯುತ್ತಿರುವ ನ್ಯೂಟ್ರಾನ್ ನಕ್ಷತ್ರ ಎಂದು ರಷ್ಯದ ಯೋಸಿಫ್ ಷ್ಕ್ಲೋವ್‌ಸ್ಕಿ 1967ರಲ್ಲೇ ಸೂಚಿಸಿದ್ದರು. ಸೂಚನೆಯನ್ನು ಸಾಬೀತು ಮಾಡಲು ಗಡಿಯಾರ ಬೇಕಾಯಿತು.

1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯ ಉಡಾವಣಾ ವೇದಿಕೆಯಿಂದ ಮೇಲೇರಿದ ಉಹುರು ಉಪಗ್ರಹ ಆ ಕೆಲಸ ಮಾಡಿತು. ಸೆನ್ ಎಕ್ಸ್-3 ಎಂಬ ಆಕರ 4.84 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಈ ಮಿಡಿತ ಕೆಲಕಾಲ ಬೇಗ ಬೇಗ ಬಂದು, ಕೆಲಕಾಲ ತಡವಾಗಿ, ಸುಮಾರು 2.09 ದಿನಕ್ಕೊಮ್ಮೆ ಅದೇ ಏರಿಳಿತ ಮರಳುತ್ತಿತ್ತು. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅರ್ಧ ದಿನ ಆಕರವೇ ಮಾಯ. ಅರ್ಥ ಸ್ಪಷ್ಟವಿತ್ತು: ಮಿಡಿಯುವ ಕಾಯ ಮತ್ತೊಂದು ನಕ್ಷತ್ರವನ್ನು ಸುತ್ತುತ್ತಿದೆ, ನಮ್ಮತ್ತ ಬರುವಾಗ ಮಿಡಿತಗಳು ಒತ್ತೊತ್ತಾಗುತ್ತವೆ, ದೂರ ಸರಿಯುವಾಗ ಬಿಡಿಬಿಡಿಯಾಗುತ್ತವೆ, ಸಂಗಾತಿಯ ಹಿಂದೆ ಹೋದಾಗ ಗ್ರಹಣ. ಮಿಡಿತಗಳು ಗರಿಷ್ಠ ಸುಮಾರು 40 ಸೆಕೆಂಡ್ ಮುಂಚೆ ಅಥವಾ ತಡವಾಗಿ ಬರುತ್ತವೆ ಎಂಬ ಒಂದೇ ಸಂಗತಿಯಿಂದ ಕಕ್ಷೆಯ ತ್ರಿಜ್ಯ 1.2 ಕೋಟಿ ಕಿ.ಮೀ. ಎಂದು ಲೆಕ್ಕ ಹಾಕಬಹುದಿತ್ತು. ಸಂಗಾತಿ ನಕ್ಷತ್ರ ಸಾಮಾನ್ಯ ದೂರದರ್ಶಕದಲ್ಲಿ ಪತ್ತೆಯಾದದ್ದು ಆಮೇಲೆ. ಅಷ್ಟರಲ್ಲಾಗಲೇ ಅದು ಸೂರ್ಯನ ಹತ್ತಾರು ಪಟ್ಟು ಭಾರದ್ದಿರಬೇಕೆಂದು ಗಡಿಯಾರ ಹೇಳಿಯಾಗಿತ್ತು. ಇನ್ನೂ ಮುಖ್ಯವಾದ ಒಂದು ಸುಳಿವಿತ್ತು. ರೇಡಿಯೊ ಪಲ್ಸಾರ್‌ಗಳು ಎಂಬ, ರೇಡಿಯೊ ಅಲೆಗಳಲ್ಲಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳು ತಿರುಗುವ ಶಕ್ತಿಯನ್ನೇ ಖರ್ಚು ಮಾಡಿ ಬೆಳಗುವುದರಿಂದ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತವೆ. ಸೆನ್ ಎಕ್ಸ್-3 ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಶಕ್ತಿ ಹೊರಗಿನಿಂದ, ಬೀಳುತ್ತಿರುವ ಅನಿಲದಿಂದ ಬರುತ್ತಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗಡಿಯಾರದ ತೀರ್ಪು ಎಷ್ಟು ನಿರ್ಣಾಯಕ ಎಂಬುದಕ್ಕೆ ಹೊಸ ಉದಾಹರಣೆ ಎಂ82 ಗೆಲಾಕ್ಸಿಯದು. 1.2 ಕೋಟಿ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿಯಲ್ಲಿ ವಿಪರೀತ ಪ್ರಖರವಾದೊಂದು ಕ್ಷ-ಕಿರಣ ಆಕರವಿದೆ. ಅಷ್ಟು ಬೆಳಗಬೇಕಾದರೆ ಅದು ಕಪ್ಪುರಂಧ್ರವೇ ಆಗಿರಬೇಕೆಂದು ತಜ್ಞರು ನಂಬಿದ್ದರು. 2014ರಲ್ಲಿ ನೂಸ್ಟಾರ್ ಉಪಗ್ರಹದ ದತ್ತಾಂಶದಲ್ಲಿ 1.37 ಸೆಕೆಂಡಿನ ಮಿಡಿತ ಕಂಡಿತು. ಕಪ್ಪುರಂಧ್ರಕ್ಕೆ ಮೇಲ್ಮೈ ಇಲ್ಲ, ಹಾಗೆ ಗಡಿಯಾರದಂತೆ ಮಿಡಿಯುವುದು ಅದರಿಂದಾಗದು. ನ್ಯೂಟ್ರಾನ್ ನಕ್ಷತ್ರವೊಂದು ತನ್ನ ತೂಕಕ್ಕೆ ಸಲ್ಲುವ ಮಿತಿಯನ್ನು ನೂರು ಪಟ್ಟು ಮೀರಿ ಬೆಳಗುತ್ತಿತ್ತು. ಬೆಳಕಿನ ಒತ್ತಡವೇ ಬೀಳುವ ಅನಿಲವನ್ನು ತಡೆಯುತ್ತದೆ ಎಂಬ ಪಠ್ಯಪುಸ್ತಕದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಈ ವಿಜ್ಞಾನದ ಅತ್ಯಂತ ಚೆಲುವಾದ ಅಧ್ಯಾಯದಲ್ಲಿ ಕರ್ನಾಟಕಕ್ಕೆ ನೇರ ಪಾಲಿದೆ. ನಮ್ಮ ಪಠ್ಯಗಳಲ್ಲಿ ಅದು ಇನ್ನೂ ಸೇರಬೇಕಾದಷ್ಟು ಸೇರಿಲ್ಲ ಎಂಬುದು ನನಗೆ ನೋವಿನ ವಿಷಯ. 1982ರಲ್ಲಿ ಡಾನ್ ಬ್ಯಾಕರ್ ಮತ್ತು ಸಂಗಡಿಗರು ಅರೆಸಿಬೊ ರೇಡಿಯೊ ದೂರದರ್ಶಕದಲ್ಲಿ ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರ್ ಒಂದನ್ನು ಕಂಡುಹಿಡಿದರು. ಆ ತಂಡದಲ್ಲಿ ಬರ್ಕ್‌ಲಿಯ ಸಂಶೋಧನಾ ವಿದ್ಯಾರ್ಥಿಯೊಬ್ಬರಿದ್ದರು: ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ. ಅದುವರೆಗೆ ಗೊತ್ತಿದ್ದ ಅತಿ ವೇಗದ ಪಲ್ಸಾರ್, ವೃಷಭ ರಾಶಿಯ ಕ್ರ್ಯಾಬ್ ನೀಹಾರಿಕೆಯದು, ಸೆಕೆಂಡಿಗೆ 30 ಸಲ ತಿರುಗುತ್ತಿತ್ತು. ಅದು ಸಾವಿರ ವರ್ಷದ ಕೂಸು. ಅಷ್ಟು ವೇಗವೆಂದರೆ ಹೊಸ ಪಲ್ಸಾರ್ ಇನ್ನೂ ಎಳೆಯದಾಗಿರಬೇಕು. ಆದರೆ ಸುತ್ತ ಸ್ಫೋಟದ ಅವಶೇಷದ ಸುಳಿವೇ ಇರಲಿಲ್ಲ.

ಉತ್ತರ ಅದೇ ವರ್ಷ ಬೆಂಗಳೂರಿನಿಂದ ಬಂತು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನಲ್ಲೇ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅವರ ವಾದದಂತೆ ಇದು ಹುಟ್ಟಿನಿಂದ ವೇಗದ ಪಲ್ಸಾರ್ ಆಗಿರಬೇಕಿಲ್ಲ. ಒಮ್ಮೆ ನಿಧಾನವಾಗಿ ಹೋಗಿದ್ದ ಹಳೆಯ ನ್ಯೂಟ್ರಾನ್ ನಕ್ಷತ್ರ, ಜೋಡಿಯಲ್ಲಿದ್ದ ಕಾಲದಲ್ಲಿ ಸಂಗಾತಿಯ ಅನಿಲ ಕುಡಿದು ಮತ್ತೆ ವೇಗ ಪಡೆದಿದೆ. ಹಳ್ಳಿಯ ಹುಡುಗ ಹಳೆಯ ಟೈರನ್ನು ಕೋಲಿನಿಂದ ಅಂಚಿಗೆ ತಟ್ಟುತ್ತ ಓಡಿಸುವಾಗ ಪ್ರತಿ ಪೆಟ್ಟಿಗೂ ಅದರ ಓಟ ಹೆಚ್ಚುವುದಿಲ್ಲವೇ, ಸುತ್ತುತ್ತ ಬಂದು ಬೀಳುವ ಅನಿಲವೂ ನಕ್ಷತ್ರವನ್ನು ಹಾಗೇ ತಿರುಗಿಸುತ್ತದೆ. ಕೋಟ್ಯಂತರ ವರ್ಷ ಇದು ನಡೆದರೆ ಮಿಲಿಸೆಕೆಂಡ್ ವೇಗ ಅಸಾಧ್ಯವಲ್ಲ. ಇದಕ್ಕೊಂದು ಷರತ್ತು: ನಕ್ಷತ್ರದ ಕಾಂತಕ್ಷೇತ್ರ ಸಾಮಾನ್ಯ ಪಲ್ಸಾರ್‌ಗಳಿಗಿಂತ ಸಾವಿರಾರು ಪಟ್ಟು ದುರ್ಬಲವಾಗಿರಬೇಕು, ಇಲ್ಲದಿದ್ದರೆ ಬರುವ ಅನಿಲವನ್ನು ಅದು ದೂರದಲ್ಲೇ ತಡೆದು ನಿಲ್ಲಿಸುತ್ತದೆ. ಕಾಂತಕ್ಷೇತ್ರ ಹಾಗೇ ದುರ್ಬಲ ಎಂಬುದು ಅಳತೆಯಲ್ಲಿ ಖಚಿತವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಅಲ್ಪಾರ್ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಆದರೆ ಅದು ಇನ್ನೂ ಅನುಮಾನಪ್ರಮಾಣ. ಪ್ರತ್ಯಕ್ಷ ಬೇಕಾದರೆ, ಅನಿಲ ಬೀಳುತ್ತಿರುವಾಗಲೇ ಮಿಲಿಸೆಕೆಂಡ್ ವೇಗದಲ್ಲಿ ಮಿಡಿಯುವ ಕ್ಷ-ಕಿರಣ ಜೋಡಿ ಸಿಗಬೇಕು. ಅದಕ್ಕೆ ಹದಿನಾರು ವರ್ಷ ಕಾಯಬೇಕಾಯಿತು. ಮಿಡಿತ ಮಿಲಿಸೆಕೆಂಡಿನದಾದರೆ ಒಂದೊಂದು ಮಿಡಿತದಲ್ಲಿ ಶೋಧಕಕ್ಕೆ ಒಂದು ಫೋಟಾನ್ ಬರುವುದೂ ಕಷ್ಟ. ಶೋಧಕ ದೊಡ್ಡದಿರಬೇಕು, ಗಡಿಯಾರ ಸೂಕ್ಷ್ಮವಿರಬೇಕು, ಗಂಟೆಗಟ್ಟಲೆ ಕಣ್ಣಿಟ್ಟಿರಬೇಕು. ಅಂಥ ಉಪಕರಣ ಹೊತ್ತ ಆರ್‌ಎಕ್ಸ್‌ಟಿಇ ಉಪಗ್ರಹ ಹಾರಿದ್ದು 1995ರ ಕೊನೆಗೆ. 1998ರ ಏಪ್ರಿಲ್‌ನಲ್ಲಿ ಸ್ಯಾಕ್ಸ್ ಜೆ1808 ಎಂಬ ಆಕರ ಉಕ್ಕಿದಾಗ ರೂಡಿ ವೈನಾಂಡ್ಸ್ ಮತ್ತು ಮೈಕೆಲ್ ವಾನ್ ಡರ್ ಕ್ಲಿಸ್ ಅದರಲ್ಲಿ ಸೆಕೆಂಡಿಗೆ 401 ಮಿಡಿತ ಕಂಡರು. ಎರಡು ಗಂಟೆಗೊಮ್ಮೆ ಸುತ್ತುವ ಪುಟ್ಟ ಸಂಗಾತಿಯೂ ಅಲ್ಲೇ ಸಿಕ್ಕಿತು. 2013ರ ಹೊತ್ತಿಗೆ ಇನ್ನೊಂದು ಹೆಜ್ಜೆ: ಎಂ28 ಗುಚ್ಛದ ಒಂದು ನಕ್ಷತ್ರ ಕೆಲವೇ ವಾರಗಳ ಅಂತರದಲ್ಲಿ ಕ್ಷ-ಕಿರಣ ಪಲ್ಸಾರ್‌ನಿಂದ ರೇಡಿಯೊ ಪಲ್ಸಾರ್‌ಗೆ ಬದಲಾಗುವುದನ್ನು ಜನ ಕಣ್ಣಾರೆ ನೋಡಿದರು. ಬೆಂಗಳೂರಿನ ಮೇಜಿನ ಮೇಲೆ ಹುಟ್ಟಿದ ವಾದ ಹೀಗೆ ಆಕಾಶದಲ್ಲಿ ಗೆದ್ದಿತು. ಮಿಲಿಸೆಕೆಂಡ್ ಪಲ್ಸಾರ್‌ಗಳ ಬಗ್ಗೆ ಇಂದು ಬರೆಯುವ ಯಾರೂ ಆ ಚಿಂತನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಈ ಕ್ಷೇತ್ರದ ವಿರುದ್ಧ ಹೇಳಬಹುದಾದ ಅತಿ ಬಲವಾದ ಆಕ್ಷೇಪವೊಂದಿದೆ, ಅದನ್ನು ನೇರವಾಗಿ ಎದುರಿಸಬೇಕು. ಚಿತ್ರವಿಲ್ಲದಲ್ಲಿ ಎಲ್ಲವೂ ಮಾದರಿಯ ಮೇಲೆ ನಿಂತಿರುತ್ತದೆ. ಒಂದೇ ದತ್ತಾಂಶಕ್ಕೆ ಎರಡು ಮಾದರಿಗಳು ಹೊಂದಿಕೊಂಡರೆ ಯಾವುದನ್ನು ನಂಬುವುದು? ಇದು ಹುಸಿ ಭಯವಲ್ಲ. ಸ್ಕೋ ಎಕ್ಸ್-1ರಂಥ ಆಕರಗಳಲ್ಲಿ ಸೆಕೆಂಡಿಗೆ ನೂರಾರು, ಸಾವಿರ ಸಲ ಅರೆನಿಯತವಾಗಿ ಕಂಪಿಸುವ ಬೆಳಕನ್ನು 1996ರಲ್ಲಿ ಕಂಡುಕೊಂಡರು. ಅದರ ಮೂಲದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ನ್ಯೂಟ್ರಾನ್ ನಕ್ಷತ್ರದ ಮೇಲೆ ಜಮೆಯಾದ ಹೈಡ್ರೋಜನ್, ಹೀಲಿಯಂ ಥಟ್ಟನೆ ಹೊತ್ತಿ ಸ್ಫೋಟಿಸುವಾಗ ಬರುವ ಬೆಳಕಿನಿಂದ ಅದರ ತ್ರಿಜ್ಯವನ್ನು ಅಳೆಯುವಲ್ಲೂ ದೂರ, ಮೇಲ್ಪದರದ ರಚನೆ ಇತ್ಯಾದಿ ಊಹೆಗಳಿಗೆ ತಕ್ಕಂತೆ ಉತ್ತರ ಒಂದೆರಡು ಕಿಲೋಮೀಟರ್ ಅತ್ತಿತ್ತ ಸರಿಯುತ್ತದೆ. ಆ ಒಂದೆರಡು ಕಿಲೋಮೀಟರಿನಲ್ಲೇ ದೊಡ್ಡ ಪ್ರಶ್ನೆ ಇದೆ: ಪರಮಾಣು ಬೀಜಕ್ಕಿಂತಲೂ ಸಾಂದ್ರವಾಗಿ ಒತ್ತಿದಾಗ ದ್ರವ್ಯ ನ್ಯೂಟ್ರಾನಾಗಿಯೇ ಉಳಿಯುತ್ತದೆಯೇ, ಅಥವಾ ಕ್ವಾರ್ಕ್‌ಗಳ ಸಾರವಾಗಿ ಕರಗುತ್ತದೆಯೇ? ಭೂಮಿಯ ಯಾವ ಪ್ರಯೋಗಾಲಯವೂ ಅಂಥ ತಣ್ಣನೆಯ ಅತಿಸಾಂದ್ರ ದ್ರವ್ಯವನ್ನು ತಯಾರಿಸಲಾರದು.

ನನ್ನ ಉತ್ತರ ಇಷ್ಟು: ಮಾದರಿಗಳ ಜಗಳವನ್ನು ಬಗೆಹರಿಸುವುದು ಹೊಸ ಬಗೆಯ ಅಳತೆ. ಹರ್ಕ್ಯುಲಿಸ್ ಎಕ್ಸ್-1 ಎಂಬ ನ್ಯೂಟ್ರಾನ್ ನಕ್ಷತ್ರದ ಕಥೆ ಇದಕ್ಕೆ ಸಾಕ್ಷಿ. 1976ರಲ್ಲಿ ಯೋವಾಖಿಮ್ ಟ್ರೂಂಪರ್ ತಂಡ ಬಲೂನಿನಲ್ಲಿ ಶೋಧಕ ಹಾರಿಸಿ ಅದರ ರೋಹಿತದಲ್ಲಿ ಒಂದು ವಿಶಿಷ್ಟ ಗುರುತನ್ನು ಕಂಡಿತು. ಅತಿ ಬಲದ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಇಂತಿಷ್ಟೇ ಶಕ್ತಿಯ ಕ್ಷ-ಕಿರಣಗಳನ್ನು ತಡೆಯುವುದರಿಂದ ಆಗುವ ಗುರುತು ಅದು. ಅದರಿಂದ ಆ ನಕ್ಷತ್ರದ ಕಾಂತಕ್ಷೇತ್ರ ಲಕ್ಷಾಂತರ ಕೋಟಿ ಗಾಸ್ ಎಂಬ ಮೊದಲ ನೇರ ಅಳತೆ ಸಿಕ್ಕಿತು. ಅಂಥ ಕ್ಷೇತ್ರದಲ್ಲಿ ಹುಟ್ಟಿದ ಕ್ಷ-ಕಿರಣ ಬಲವಾಗಿ ಧ್ರುವೀಕೃತವಾಗಿರಲೇಬೇಕು (ಅಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿರಬೇಕು), ಶೇ 60ರಿಂದ 80ರ ತನಕ ಎಂದು ಸಿದ್ಧಾಂತ ದಶಕಗಳ ಕಾಲ ಹೇಳುತ್ತ ಬಂತು. ಅಳೆಯುವ ಉಪಕರಣವೇ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹ ಅಳೆದಾಗ ಸಿಕ್ಕಿದ್ದು ಸರಾಸರಿ ಶೇ 9ರ ಆಸುಪಾಸು. ಅನಿಲ ಬಿದ್ದು ಬಿಸಿಯಾಗುವ ಆ ಕೆಲವು ಮೀಟರ್ ದಪ್ಪದ ಪದರದಲ್ಲಿ ಏನು ನಡೆಯುತ್ತದೆ ಎಂಬ ನಮ್ಮ ಕಲ್ಪನೆ ತಿದ್ದಿಕೊಳ್ಳಬೇಕಾಗಿ ಬಂದಿದೆ.

ಈ ಜಾಗದಲ್ಲೇ, ಧ್ರುವೀಕರಣ ಅಳೆಯುವ ಭಾರತದ ಉಪಗ್ರಹ ಎಕ್ಸ್‌ಪೋಸ್ಯಾಟ್ ಮಹತ್ವದ್ದಾಗುತ್ತದೆ. 2024ರ ಜನವರಿ 1ರಂದು ಶ್ರೀಹರಿಕೋಟದಿಂದ ಹಾರಿದ ಅದರ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾದದ್ದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಐಎಕ್ಸ್‌ಪಿಇ ನೋಡುವುದು 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳನ್ನು; ಪೋಲಿಕ್ಸ್‌ನದು 8ರಿಂದ 30. ಅನಿಲ ಸೆಳೆಯುವ ಪಲ್ಸಾರ್‌ಗಳು ಪ್ರಖರವಾಗಿ ಬೆಳಗುವ ಪ್ರದೇಶ ಇದು, ಅವುಗಳ ಕಾಂತಕ್ಷೇತ್ರದ ಗುರುತು ಹಲವು ಸಲ ಬೀಳುವುದೂ ಇಲ್ಲೇ. ಬೆಳಕು ಹಗುರ ಧಾತುವಿಗೆ ತಾಗಿ ಚದರುವಾಗ ಯಾವ ದಿಕ್ಕಿಗೆ ಹೆಚ್ಚು ಚದರಿತು ಎಂದು ಸುತ್ತಲಿನ ನಾಲ್ಕು ಶೋಧಕಗಳು ಎಣಿಸುತ್ತವೆ. ಹೇಳಲು ಸುಲಭ, ಮಾಡಲು ವರ್ಷಗಟ್ಟಲೆ ತಾಳ್ಮೆ ಬೇಕಾದ ಕೆಲಸ.

ಇನ್ನು ಆಗಾಗ ಕೇಳಿಬರುವ ಮಾತು: ನಾಸಾದ ದತ್ತಾಂಶವೆಲ್ಲ ಕಾಲಕ್ರಮೇಣ ಎಲ್ಲರಿಗೂ ಮುಕ್ತವಾಗಿ ಸಿಗುತ್ತದಲ್ಲ, ನಾವೇಕೆ ಉಪಕರಣ ಕಟ್ಟಬೇಕು? ಈ ಮಾತಿನಲ್ಲಿ ಹುರುಳಿಲ್ಲ. ಉಕ್ಕುವ ನಕ್ಷತ್ರ ಯಾರಿಗೂ ಕಾಯುವುದಿಲ್ಲ. ಸ್ಯಾಕ್ಸ್ ಜೆ1808 ಕೆಲವು ವರ್ಷಗಳಿಗೊಮ್ಮೆ ಕೆಲವೇ ವಾರ ಬೆಳಗಿ ಮತ್ತೆ ಮಲಗುತ್ತದೆ; ಆಗ ನೋಡದಿದ್ದರೆ ನೋಡಲೇ ಇಲ್ಲ. 2012ರ ಜನವರಿಯಲ್ಲಿ ಆರ್‌ಎಕ್ಸ್‌ಟಿಇ ಕಣ್ಣು ಮುಚ್ಚಿದ ಮೇಲೆ ಅಂಥ ವಿಶಾಲ ಶೋಧಕ ಆಕಾಶದಲ್ಲಿ ಮತ್ತೆ ಬಂದದ್ದು 2015ರ ಸೆಪ್ಟೆಂಬರ್ 28ರಂದು, ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಅದರ ಲ್ಯಾಕ್ಸ್‌ಪಿಸಿ ಶೋಧಕಗಳು ಒಂದೊಂದು ಫೋಟಾನಿನ ವೇಳೆಯನ್ನೂ ಹತ್ತು ಮೈಕ್ರೊಸೆಕೆಂಡ್ ನಿಖರತೆಯಲ್ಲಿ ಬರೆದಿಡುತ್ತವೆ. ಎರಡು ವರ್ಷದ ನಂತರ ಅಂತರಿಕ್ಷ ನಿಲ್ದಾಣಕ್ಕೆ ಸೇರಿದ ನೈಸರ್ ದೂರದರ್ಶಕ ಮೃದು ಕ್ಷ-ಕಿರಣಗಳಿಗೆ ಮೀಸಲು. 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೀರಿದ ಗಡುಸು ಕಿರಣಗಳಲ್ಲಿ ಅಷ್ಟು ವೇಗದ ಏರಿಳಿತ ನೋಡಲು ಲ್ಯಾಕ್ಸ್‌ಪಿಸಿಯ ನೆರವು ಬೇಕಾಯಿತು. ಬೇರೆಯವರ ದತ್ತಾಂಶ ನಂಬಿ ಕೂತಿದ್ದರೆ ಈ ಕೊಡುಗೆ ಇರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಕೈಕಸುಬಿನದು. ಕ್ಸೆನಾನ್ ತುಂಬಿದ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ತಂತಿಗಳನ್ನು ಬಿಗಿಯುವುದು, ಅನಿಲವನ್ನು ವರ್ಷಗಳ ಕಾಲ ಶುದ್ಧವಾಗಿಡುವುದು, ತೆಳು ಪರದೆ ಸೋರದಂತೆ ನೋಡಿಕೊಳ್ಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ನಮ್ಮಲ್ಲಿ ಆ ವಿದ್ಯೆಗೆ ಹಳೆಯ ಬೇರಿದೆ. 1960ರ ದಶಕದ ಕೊನೆಯಲ್ಲಿ ತುಂಬಾದಿಂದ ರಾಕೆಟ್‌ಗಳಲ್ಲಿ, ಹೈದರಾಬಾದಿನಿಂದ ಬಲೂನುಗಳಲ್ಲಿ ಶೋಧಕಗಳು ಹಾರಿದವು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರಲ್ಲಿ ಹಾರಿದಾಗ ಅದರಲ್ಲೂ ಕ್ಷ-ಕಿರಣ ಪ್ರಯೋಗವಿತ್ತು. ವಿದ್ಯುತ್ ವ್ಯವಸ್ಥೆ ಕೆಟ್ಟಿದ್ದರಿಂದ ಕೆಲವೇ ದಿನದಲ್ಲಿ ಅದು ನಿಂತಿತು. ಮುಂದಿನ ದೊಡ್ಡ ಹೆಜ್ಜೆ 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಮೇಲಿನ ಪ್ರಯೋಗ. ಅದರ ಮುಂದಿನದು ಆಸ್ಟ್ರೋಸ್ಯಾಟ್. 1975, 1996, 2015: ಹೆಜ್ಜೆಯಿಂದ ಹೆಜ್ಜೆಗೆ ಸುಮಾರು ಇಪ್ಪತ್ತು ವರ್ಷ. ಒಬ್ಬ ಸಂಶೋಧಕನ ಕೆಲಸದ ಆಯುಷ್ಯದ ಅರ್ಧಕ್ಕೂ ಹೆಚ್ಚು ಭಾಗ ಕಾಯುವುದರಲ್ಲೇ ಕಳೆದರೆ ಕಲಿತ ಕೈ ಕಲಿಯುವ ಕೈಗೆ ವಿದ್ಯೆ ದಾಟಿಸುವುದು ಹೇಗೆ? ಐದು ವರ್ಷಕ್ಕೆಂದು ಹಾರಿಸಿದ ಆಸ್ಟ್ರೋಸ್ಯಾಟ್ ಹತ್ತು ವರ್ಷ ದಾಟಿದೆ. ಮೂರು ಲ್ಯಾಕ್ಸ್‌ಪಿಸಿಗಳಲ್ಲಿ ಒಂದು 2018ರಲ್ಲೇ ನಿಂತಿತು, ಇನ್ನೊಂದು ಸರಿಯಾಗಿ ನಡೆಯುತ್ತಿಲ್ಲ. ಅದರ ಜಾಗ ತುಂಬುವ, ಅದಕ್ಕಿಂತ ದೊಡ್ಡದಾದ ಶೋಧಕದ ಕೆಲಸವನ್ನು ಇಂದು ಶುರು ಮಾಡಿದರೂ ಹಾರುವಾಗ ದಶಕ ಕಳೆದಿರುತ್ತದೆ.

ಬಡವರಿರುವ ದೇಶಕ್ಕೆ ಇದೇಕೆ ಎನ್ನುವವರಿಗೆ ಹಲವರು ಅಡ್ಡಲಾಭಗಳನ್ನು ಎಣಿಸಿ ಹೇಳುತ್ತಾರೆ. ಪಲ್ಸಾರ್‌ಗಳ ಮಿಡಿತದಿಂದ ನೌಕೆಗಳಿಗೆ ದಾರಿ ತೋರಿಸಬಹುದು ಎಂದು ನೈಸರ್ ಮೂಲಕ ತೋರಿಸಿದ್ದೂ ನಿಜ. ನಾನು ಅದರ ಮೇಲೆ ವಾದ ನಿಲ್ಲಿಸುವುದಿಲ್ಲ. ದ್ರವ್ಯದ ಕೊನೆಯ ಸ್ಥಿತಿ ಏನೆಂದು ಕೇಳುವ ಹಕ್ಕು ಶ್ರೀಮಂತ ದೇಶಗಳ ಸೊತ್ತಲ್ಲ. 1982ರ ಪಲ್ಸಾರನ್ನು ಕಂಡ ಕಣ್ಣುಗಳಲ್ಲಿ ಒಂದು ಜೋಡಿ ಹುಬ್ಬಳ್ಳಿಯಿಂದ ಹೋದದ್ದು, ಅದರ ಹಿಂದಿನ ಕಾರಣ ಹೇಳಿದ ತಲೆಗಳು ಬೆಂಗಳೂರಿನಲ್ಲಿದ್ದವು.

ಕಾಲೇಜುಗಳ ಭೌತವಿಜ್ಞಾನ ಶಿಕ್ಷಕರಿಗೆ ನನ್ನದೊಂದು ವಿನಂತಿಯಿದೆ. ಆಸ್ಟ್ರೋಸ್ಯಾಟ್ ಕಳಿಸಿದ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. ನಿಗದಿತ ಅವಧಿ ಕಳೆದ ಮೇಲೆ ಯಾರು ಬೇಕಾದರೂ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ಸೆನ್ ಎಕ್ಸ್-3ರ ಮಿಡಿತವನ್ನು ಆ ಫೋಟಾನ್ ಪಟ್ಟಿಯಿಂದ ಹುಡುಕಿ ತೆಗೆಯಲು ಸಾಧಾರಣ ಲ್ಯಾಪ್‌ಟಾಪ್ ಒಂದು ಮತ್ತು ಬಿ.ಎಸ್ಸಿ.ಯಲ್ಲಿ ಕಲಿಸುವ ಗಣಿತ ಸಾಕು. ಗದಗದಲ್ಲೋ ಚಿಂತಾಮಣಿಯಲ್ಲೋ ಓದುವ ಹುಡುಗಿಯೊಬ್ಬಳಿಗೆ ಈ ಸೆಮಿಸ್ಟರಿನ ಪ್ರಾಜೆಕ್ಟ್ ಆಗಿ ಅದನ್ನು ಕೊಡಿ. ಮುಂದಿನ ಶೋಧಕವನ್ನು ಕಟ್ಟುವವರು ಅಲ್ಲಿಂದಲೇ ಬರಬೇಕು.